ಮಿತಿಯ ಬೆಲೆ: ಪ್ಲೈವುಡ್ ಟ್ರಸ್ಟಿನಿಂದ ಮಾಹುಲ್‌ವರೆಗೆ

ಚೆಂಬೂರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಮಾಹುಲ್ ಕಡೆಯ ಚಿಮಣಿಗಳು ಹೊಸತಲ್ಲ. ರಾತ್ರಿ ಪೂರ್ವ ಮುಕ್ತಮಾರ್ಗದಲ್ಲಿ ಬರುವಾಗ ಅಲ್ಲಿನ ದೀಪಗಳ ಸಾಲೂ ಕೊಳವೆಯ ತುದಿಯಲ್ಲಿ ಉರಿಯುವ ಜ್ವಾಲೆಯೂ ಕಾಣುತ್ತವೆ. ಅಲ್ಲಿ ಮೊದಲ ತೈಲ ಶುದ್ಧೀಕರಣಾಗಾರ 1954ರಲ್ಲಿ ಆರಂಭವಾಯಿತು, ಎರಡನೆಯದು 1955ರಲ್ಲಿ. ಮೊದಲು ವಿದೇಶಿ ಕಂಪೆನಿಗಳ ಕೈಯಲ್ಲಿದ್ದ ಇವೆರಡೂ 1974 ಮತ್ತು 1976ರಲ್ಲಿ ಸರಕಾರದ ವಶಕ್ಕೆ ಬಂದವು. ಚೆನ್ನೈಯಲ್ಲಿರುವವರಿಗೆ ಮಣಲಿ, ನಮ್ಮ ಊರಿನ ಕಡೆಯವರಿಗೆ ಮಂಗಳೂರಿನ ಎಂಆರ್‌ಪಿಎಲ್ ಇಂಥದೇ ನೋಟಗಳು. ಇಲ್ಲಿಗೆ ಬರುವ ಹಡಗುಗಳಲ್ಲಿ ಏನಿರುತ್ತದೆ, ಇಲ್ಲಿಂದ ಹೊರಡುವ ಟ್ಯಾಂಕರುಗಳಲ್ಲಿ ಏನಿರುತ್ತದೆ ಎಂಬುದನ್ನು ನಾವು ಬಲ್ಲೆವು. ಆದರೆ ಇಂದು ಯಾವ ದೇಶದ ಕಚ್ಚಾ ತೈಲ ಕೊಳ್ಳಬೇಕು, ಅದರಲ್ಲಿ ಪೆಟ್ರೋಲ್ ಎಷ್ಟು, ಡೀಸೆಲ್ ಎಷ್ಟು, ಡಾಮರು ಎಷ್ಟು ತೆಗೆಯಬೇಕು, ಯಾವುದನ್ನು ಯಾವುದರೊಡನೆ ಬೆರೆಸಬೇಕು ಎಂಬುದನ್ನು ಯಾರು ಹೇಗೆ ನಿರ್ಣಯಿಸುತ್ತಾರೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಆ ನಿರ್ಣಯದ ಬಹುಭಾಗವನ್ನು ಒಂದು ಗಣಿತ ಮಾಡುತ್ತದೆ. ಆ ಗಣಿತಕ್ಕೆ ಎಂಬತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದು ಹುಟ್ಟಿದ್ದು ತೈಲದ ಊರಿನಲ್ಲಲ್ಲ. ಮರದ ಹಲಗೆಯ ಕಾರ್ಖಾನೆಯೊಂದರ ಪ್ರಶ್ನೆಯಿಂದ, ಸ್ಟಾಲಿನ್ ಕಾಲದ ಲೆನಿನ್‌ಗ್ರಾಡಿನಲ್ಲಿ. ಈ ಕಥೆಯನ್ನು ಹೇಳುವಾಗ ಕಂಪ್ಯೂಟರಿನ ವೇಗವನ್ನು ಕೊಂಡಾಡಿ ಮುಗಿಸುವುದು ವಾಡಿಕೆ. ನಮಗೆ ಮುಖ್ಯವೆನಿಸಿದ್ದು ಬೇರೊಂದು. ಈ ಗಣಿತ ಉತ್ತರವನ್ನಷ್ಟೇ ಕೊಡುವುದಿಲ್ಲ. ನಾವು ಹಾಕಿದ ಪ್ರತಿಯೊಂದು ಮಿತಿಗೂ ಒಂದು ಬೆಲೆಯನ್ನು ಬರೆದು ಕೊಡುತ್ತದೆ. ಆ ಬೆಲೆಯನ್ನು ಕಂಡು ಒಂದು ಕಾಲದಲ್ಲಿ ಆಳುವವರೇ ಬೆಚ್ಚಿದ್ದರು.

ಎಂಟು ಯಂತ್ರ, ಐದು ಮರ

ಲಿಯೊನಿದ್ ಕಾಂತೊರೊವಿಚ್ ಹುಟ್ಟಿದ್ದು 1912ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಇಪ್ಪತ್ತೆರಡರ ವಯಸ್ಸಿಗೇ ಪ್ರಾಧ್ಯಾಪಕನಾದ ಈತ ಶುದ್ಧ ಗಣಿತದಲ್ಲಿ ಮುಳುಗಿದ್ದವನು. 1938ರಲ್ಲಿ ಪ್ಲೈವುಡ್ ಟ್ರಸ್ಟಿನ ಪ್ರಯೋಗಾಲಯದ ಎಂಜಿನಿಯರುಗಳು ಒಂದು ಸಮಸ್ಯೆಯನ್ನು ಹಿಡಿದು ಅವನ ಬಳಿ ಬಂದರು. ಅವರಲ್ಲಿ ಮರದ ದಿಮ್ಮಿಯಿಂದ ತೆಳು ಪದರ ಸುಲಿಯುವ ಎಂಟು ಯಂತ್ರಗಳಿದ್ದವು, ಐದು ಬಗೆಯ ಮರವಿತ್ತು. ಒಂದೊಂದು ಯಂತ್ರವೂ ಒಂದೊಂದು ಮರವನ್ನು ಬೇರೆ ಬೇರೆ ವೇಗದಲ್ಲಿ ಸುಲಿಯುತ್ತಿತ್ತು. ಐದೂ ಬಗೆಯ ಮರವನ್ನು ಗೊತ್ತಾದ ಪ್ರಮಾಣದಲ್ಲಿ ಸುಲಿದು ಕೊಡಬೇಕಿತ್ತು. ಯಾವ ಮರವನ್ನು ಯಾವ ಯಂತ್ರಕ್ಕೆ ಎಷ್ಟು ಹೊತ್ತು ಕೊಟ್ಟರೆ ಒಟ್ಟು ಉತ್ಪಾದನೆ ಅತಿ ಹೆಚ್ಚಾದೀತು?

ಕೇಳುವುದಕ್ಕೆ ಇದು ಮೇಸ್ತ್ರಿಯೊಬ್ಬ ಅನುಭವದಿಂದ ಬಿಡಿಸುವ ಲೆಕ್ಕದಂತಿದೆ. ಆದರೆ ಎಂಟನ್ನು ಐದರಿಂದ ಗುಣಿಸಿದರೆ ನಲವತ್ತು ಅಜ್ಞಾತಗಳು. ಎಂಟು ಯಂತ್ರಗಳ ಸಮಯಕ್ಕೆ ಎಂಟು ಸಮೀಕರಣ, ಐದು ಮರಗಳ ಪ್ರಮಾಣಕ್ಕೆ ನಾಲ್ಕು. ಒಟ್ಟು ಹನ್ನೆರಡು. ಇಂಥ ಸಮಸ್ಯೆಯ ಅತ್ಯುತ್ತಮ ಉತ್ತರ ಯಾವುದೋ ಒಂದು 'ಮೂಲೆ'ಯಲ್ಲಿ, ಅಂದರೆ ನಲವತ್ತರಲ್ಲಿ ಹನ್ನೆರಡು ಅಜ್ಞಾತಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡಿದಾಗ ಸಿಗುತ್ತದೆ. ನಲವತ್ತರಿಂದ ಹನ್ನೆರಡನ್ನು ಆರಿಸುವ ಬಗೆಗಳೆಷ್ಟು? ಸುಮಾರು 558 ಕೋಟಿ. ನಿಮಿಷಕ್ಕೊಂದರಂತೆ ಪರೀಕ್ಷಿಸುತ್ತ ಹೋದರೂ ಹತ್ತು ಸಾವಿರ ವರ್ಷ ಮೀರುತ್ತದೆ. ಶಾಲೆಯಲ್ಲಿ ಕಲಿತ ಕಲನಶಾಸ್ತ್ರವೂ ಇಲ್ಲಿ ಕೈಕೊಡುತ್ತದೆ. ಅದು ಬೆಟ್ಟದ ನುಣುಪಾದ ನೆತ್ತಿಯನ್ನು ಹುಡುಕಲು ಬಲ್ಲುದು, ಚೂಪಾದ ಮೂಲೆಯನ್ನಲ್ಲ.

ಕಾಂತೊರೊವಿಚ್ ಈ ದಾರಿಯನ್ನೇ ಬಿಟ್ಟ. ಐದೂ ಮರಗಳಿಗೆ ಒಂದೊಂದು ಗುಣಕವನ್ನು ಕಟ್ಟಿ, ಪ್ರತಿ ಯಂತ್ರವೂ ತನಗೆ ಹೆಚ್ಚು 'ಫಲ' ಕೊಡುವ ಮರವನ್ನೇ ಆರಿಸಿಕೊಳ್ಳುವಂತೆ ಮಾಡಿ, ಪ್ರಮಾಣ ಸರಿಹೊಂದುವವರೆಗೆ ಆ ಗುಣಕಗಳನ್ನು ತಿದ್ದುತ್ತ ಬಂದ. ಕೆಲವೇ ಸುತ್ತುಗಳಲ್ಲಿ ಉತ್ತರ ದೊರೆಯಿತು. ಈ ಬಿಡಿಸುವ ಗುಣಕಗಳ ವಿಧಾನವನ್ನು ಅವನು 1939ರಲ್ಲಿ ಉತ್ಪಾದನೆಯ ಸಂಘಟನೆ ಮತ್ತು ಯೋಜನೆಯಲ್ಲಿ ಗಣಿತದ ವಿಧಾನಗಳನ್ನು ಕುರಿತ ಪುಟ್ಟ ಹೊತ್ತಗೆಯಾಗಿ ಪ್ರಕಟಿಸಿದ. ಇದೇ ತರದ ಸಮಸ್ಯೆ ಮರದ ಕಾರ್ಖಾನೆಯಲ್ಲಷ್ಟೇ ಅಲ್ಲ, ಲೋಹದ ಹಾಳೆ ಕತ್ತರಿಸುವಲ್ಲಿ, ಹೊಲಗಳಿಗೆ ಬೆಳೆ ಹಂಚುವಲ್ಲಿ, ಸರಕು ಸಾಗಿಸುವಲ್ಲಿ, ತೈಲ ಶುದ್ಧೀಕರಿಸುವಲ್ಲಿ ಎಲ್ಲೆಲ್ಲೂ ಇದೆಯೆಂದು ಅವನು ಆ ಹೊತ್ತಿಗೇ ಕಂಡುಕೊಂಡಿದ್ದ.

ಉಡುಪಿ ಹೋಟೆಲಿನ ಗ್ರೈಂಡರು

ಆ ಗುಣಕಗಳೆಂದರೇನು? ಮಾಟುಂಗದ ಉಡುಪಿ ಹೋಟೆಲೊಂದನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಒಂದೇ ಗ್ರೈಂಡರು, ಮೂರು ದೋಸೆಕಾವಲಿಗಳು. ಇಡ್ಲಿಯ ಹಿಟ್ಟಿಗೂ ದೋಸೆಯ ಹಿಟ್ಟಿಗೂ ಅದೇ ಗ್ರೈಂಡರು ಬೇಕು. ಗ್ರೈಂಡರು ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ತಿರುಗುತ್ತಿದ್ದು, ಮೂರನೆಯ ಕಾವಲಿ ಮಾತ್ರ ದಿನದ ಅರ್ಧ ಹೊತ್ತು ಖಾಲಿ ಇದೆಯೆನ್ನೋಣ. ಈಗ ಯಾರಾದರೂ ಬಂದು 'ಇನ್ನೊಂದು ಕಾವಲಿ ಪುಕ್ಕಟೆ ಕೊಡುತ್ತೇನೆ' ಎಂದರೆ ಮಾಲೀಕರಿಗೆ ಅದರಿಂದ ಚಿಕ್ಕಾಸಿನ ಲಾಭವೂ ಇಲ್ಲ. 'ಪಕ್ಕದ ಹೋಟೆಲಿನ ಗ್ರೈಂಡರನ್ನು ದಿನಕ್ಕೊಂದು ಗಂಟೆ ಬಾಡಿಗೆಗೆ ಕೊಡುತ್ತೇನೆ' ಎಂದರೆ ಅವರು ಕಿವಿಗೊಡುತ್ತಾರೆ. ಎಷ್ಟು ಬಾಡಿಗೆ ಕೊಡಬಹುದು? ಆ ಒಂದು ಗಂಟೆಯಿಂದ ಹೆಚ್ಚುವ ಲಾಭ ಎಷ್ಟೋ ಅಷ್ಟರವರೆಗೆ. ಅದೇ ಗ್ರೈಂಡರಿನ ಒಂದು ಗಂಟೆಯ ನೆರಳು ಬೆಲೆ. ಕಾವಲಿಯ ನೆರಳು ಬೆಲೆ ಸೊನ್ನೆ.

ಈ ಬೆಲೆ ಯಾವ ಅಂಗಡಿಯ ಫಲಕದಲ್ಲೂ ಇಲ್ಲ, ಯಾವ ರಸೀದಿಯಲ್ಲೂ ಇಲ್ಲ. ಗ್ರೈಂಡರನ್ನು ಕೊಂಡಾಗ ಕೊಟ್ಟ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ವಸ್ತು ಸಾಲದಾಗಿದೆಯೋ, ಯಾವ ಮಿತಿ ನಿಜವಾಗಿ ನಮ್ಮನ್ನು ಕಟ್ಟಿಹಾಕಿದೆಯೋ ಅದಕ್ಕೆ ಮಾತ್ರ ನೆರಳು ಬೆಲೆ ಹುಟ್ಟುತ್ತದೆ. ಕಾಂತೊರೊವಿಚ್‌ನ ಗುಣಕಗಳು ಇವೇ. ಯೋಜನೆಯನ್ನು ಕಂಡುಹಿಡಿಯಲು ಅವನು ಊರಿದ ಕೋಲು ಕೊನೆಗೆ ಯೋಜನೆಯಷ್ಟೇ ಮುಖ್ಯವಾದ ಫಲಿತಾಂಶವಾಯಿತು.

ಅಪಾಯವಿದ್ದದ್ದೂ ಇಲ್ಲಿಯೇ. ಸೋವಿಯತ್ ಅರ್ಥಶಾಸ್ತ್ರದ ಅಧಿಕೃತ ನಂಬಿಕೆಯಂತೆ ವಸ್ತುವಿನ ಮೌಲ್ಯ ಹುಟ್ಟುವುದು ಅದಕ್ಕೆ ವ್ಯಯವಾದ ಶ್ರಮದಿಂದ. ಯಂತ್ರದ ಬಿಡುವಿಲ್ಲದ ಗಂಟೆಗೆ, ಫಲವತ್ತಾದ ನೆಲಕ್ಕೆ ತನ್ನದೇ ಬೆಲೆಯುಂಟೆನ್ನುವುದು ಬಂಡವಾಳಶಾಹಿ ಅರ್ಥಶಾಸ್ತ್ರದ ವಾಸನೆಯ ಮಾತು. ಕಾಂತೊರೊವಿಚ್ ಇಡೀ ದೇಶದ ಸಂಪನ್ಮೂಲಗಳಿಗೆ ಈ ವಿಧಾನವನ್ನು ವಿಸ್ತರಿಸಿ ಯುದ್ಧದ ನಡುವೆ, 1942ರಲ್ಲಿ, ಒಂದು ದೊಡ್ಡ ಗ್ರಂಥವನ್ನು ಬರೆದ. ಅದು ಅಚ್ಚಾದದ್ದು 1959ರಲ್ಲಿ, ಸ್ಟಾಲಿನ್ ಸತ್ತು ಆರು ವರ್ಷಗಳಾದ ಮೇಲೆ. ಆಗಲೂ ಅವನು 'ಬೆಲೆ' ಎಂಬ ಪದವನ್ನು ದೂರವಿಟ್ಟು 'ವಸ್ತುನಿಷ್ಠವಾಗಿ ನಿರ್ಧಾರವಾದ ಮೌಲ್ಯಾಂಕಗಳು' ಎಂಬ ಉದ್ದನೆಯ ಹೆಸರಿನ ಮರೆಯಲ್ಲಿ ನಿಂತ. ಹದಿನೇಳು ವರ್ಷ ಕೈಬರಹವಾಗಿಯೇ ಉಳಿದದ್ದು ಒಬ್ಬ ಗಣಿತಜ್ಞನ ತಪ್ಪು ಲೆಕ್ಕವಲ್ಲ, ಸರಿಯಾದ ಲೆಕ್ಕ.

ಲೆಕ್ಕ ಸರಿಯಾದರೂ ಸುತ್ತಲಿನ ವ್ಯವಸ್ಥೆ ತಪ್ಪಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಊರಿನ ಇನ್ನೊಂದು ಪ್ರಸಂಗವನ್ನು ಇತಿಹಾಸಕಾರರು ಹೇಳುತ್ತಾರೆ. 1940ರ ದಶಕದ ಕೊನೆಗೆ ಕಾಂತೊರೊವಿಚ್ ಮತ್ತು ಅವನ ಸಹೋದ್ಯೋಗಿ ಝಲ್‌ಗಲ್ಲರ್ ಲೆನಿನ್‌ಗ್ರಾಡಿನ ಯೆಗೊರೊವ್ ರೈಲುಗಾಡಿ ಕಾರ್ಖಾನೆಯಲ್ಲಿ ಉಕ್ಕಿನ ಹಾಳೆ ಕತ್ತರಿಸುವ ಕ್ರಮವನ್ನು ಈ ವಿಧಾನದಿಂದ ಸರಿಪಡಿಸಿದರು. ಚೂರುಪಾರು ಬಹಳ ಕಡಿಮೆಯಾಯಿತು. ಆದರೆ ಆ ಕಾರ್ಖಾನೆ ವರ್ಷಕ್ಕೆ ಇಷ್ಟು ಗುಜರಿ ಲೋಹವನ್ನು ಉಕ್ಕಿನ ಕುಲುಮೆಗಳಿಗೆ ಒಪ್ಪಿಸಬೇಕೆಂಬ ಗುರಿಯೂ ಯೋಜನೆಯಲ್ಲಿತ್ತು. ಹಾಳಾಗುವುದು ನಿಂತದ್ದರಿಂದ ಆ ಗುರಿ ತಪ್ಪಿತು. ಉಳಿತಾಯವೇ ಅಪರಾಧದಂತೆ ಕಂಡಿತು. ಏನನ್ನು ಹೆಚ್ಚಿಸಬೇಕೆಂದು ಕೇಳುವವರು ವಿಚಾರಿಸದೆ ಕೇಳಿದರೆ ಎಂಥ ಗಣಿತವೂ ಅವರನ್ನು ಉಳಿಸದು.

ಮೂಲೆಯಿಂದ ಮೂಲೆಗೆ

ಅತ್ತ ಅಮೆರಿಕದಲ್ಲಿ, ಈ ಹೊತ್ತಗೆಯ ಸುಳಿವೇ ಇಲ್ಲದೆ, ವಾಯುಪಡೆಯ ಯೋಜನಾ ಕಚೇರಿಯಲ್ಲಿದ್ದ ಜಾರ್ಜ್ ಡ್ಯಾಂಟ್ಸಿಗ್ 1947ರಲ್ಲಿ ಅದೇ ಸಮಸ್ಯೆಗೆ ಸಿಂಪ್ಲೆಕ್ಸ್ ವಿಧಾನವನ್ನು ಕಂಡುಹಿಡಿದ. ಸಾಧ್ಯವಿರುವ ಯೋಜನೆಗಳೆಲ್ಲ ಸೇರಿ ಹಲವು ಮುಖಗಳ ವಜ್ರದಂತಿವೆಯೆಂದು ಭಾವಿಸಿದರೆ, ಒಂದು ಮೂಲೆಯಲ್ಲಿ ನಿಂತು, ಅಲ್ಲಿಂದ ಏರುವ ಅಂಚೊಂದನ್ನು ಹಿಡಿದು ಮುಂದಿನ ಮೂಲೆಗೆ ಹೋಗುವುದು. ಏರುವ ಅಂಚೇ ಇಲ್ಲವಾದಾಗ ನಿಲ್ಲುವುದು. ಕೋಟಿಗಟ್ಟಲೆ ಮೂಲೆಗಳಿದ್ದರೂ ಸಾಮಾನ್ಯವಾಗಿ ಕೆಲವೇ ಹೆಜ್ಜೆಗಳಲ್ಲಿ ತುದಿ ಮುಟ್ಟುತ್ತೇವೆ. ಈ ಶಾಖೆಗೆ 'ಲೀನಿಯರ್ ಪ್ರೋಗ್ರಾಮಿಂಗ್' ಎಂಬ ಹೆಸರನ್ನು ಸೂಚಿಸಿದವನು ಅರ್ಥಶಾಸ್ತ್ರಜ್ಞ ಕೂಪ್‌ಮನ್ಸ್. ಇಲ್ಲಿನ 'ಪ್ರೋಗ್ರಾಂ' ಎಂದರೆ ಕಂಪ್ಯೂಟರಿನದಲ್ಲ, ಸೇನೆಯ ಯೋಜನಾಪಟ್ಟಿ.

ವಿಧಾನದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಊಟದ ಮೇಲೆ. ಅರ್ಥಶಾಸ್ತ್ರಜ್ಞ ಸ್ಟಿಗ್ಲರ್ 77 ಆಹಾರವಸ್ತುಗಳಿಂದ 9 ಪೋಷಕಾಂಶಗಳ ಅಗತ್ಯವನ್ನು ಅತಿ ಕಡಿಮೆ ಖರ್ಚಿನಲ್ಲಿ ಪೂರೈಸುವ ಲೆಕ್ಕವನ್ನು ಅಂದಾಜಿನಿಂದ ಬಿಡಿಸಿ ವರ್ಷಕ್ಕೆ 39.93 ಡಾಲರ್ ಸಾಕೆಂದಿದ್ದ. ಒಂಬತ್ತು ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳೊಡನೆ ಕುಳಿತು, ಒಟ್ಟು 120 ಆಳು-ದಿನಗಳ ದುಡಿಮೆಯಲ್ಲಿ ಸಿಂಪ್ಲೆಕ್ಸ್ ವಿಧಾನದಿಂದ ತೆಗೆದ ನಿಖರ ಉತ್ತರ 39.69 ಡಾಲರ್. ಅಂದಾಜಿಗೂ ಗಣಿತಕ್ಕೂ ಇಪ್ಪತ್ತನಾಲ್ಕು ಸೆಂಟುಗಳ ವ್ಯತ್ಯಾಸ! ನಗುವವರು ನಗಬಹುದು. ಆದರೆ ಅಂದಾಜು ಎಷ್ಟು ಚೆನ್ನಾಗಿತ್ತೆಂಬುದು ತಿಳಿದದ್ದೂ ನಿಖರ ಉತ್ತರ ಸಿಕ್ಕ ಮೇಲೆಯೇ.

ಆ ಊಟದ ಲೆಕ್ಕ ಮೂಲತಃ ಮಿಶ್ರಣದ ಲೆಕ್ಕ. ಹಲವು ಪದಾರ್ಥಗಳನ್ನು ಬೆರೆಸಿ, ಕೆಲವು ಗುಣಗಳು ಇಷ್ಟಕ್ಕಿಂತ ಕಡಿಮೆಯಾಗದಂತೆ, ಇಷ್ಟಕ್ಕಿಂತ ಹೆಚ್ಚಾಗದಂತೆ ಅತಿ ಅಗ್ಗದ ಮಿಶ್ರಣವನ್ನು ಮಾಡುವುದು. ತೈಲ ಶುದ್ಧೀಕರಣಾಗಾರ ದಿನವೂ ಮಾಡುವ ಕೆಲಸ ಇದೇ. ಆದ್ದರಿಂದ ಈ ಗಣಿತ ಪ್ರಕ್ರಿಯಾ ಉದ್ಯಮಕ್ಕೆ ಪ್ರವೇಶಿಸಿದ್ದು ಮಿಶ್ರಣದ ಬಾಗಿಲಿನಿಂದ. 1952ರಲ್ಲಿ ಚಾರ್ನ್ಸ್, ಕೂಪರ್ ಮತ್ತು ಮೆಲನ್ ಎಂಬ ಮೂವರು ವಿಮಾನದ ಪೆಟ್ರೋಲಿನ ಮಿಶ್ರಣವನ್ನು ಕುರಿತು 'ಇಕನೊಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಇವರಲ್ಲಿ ಮೆಲನ್ ತೈಲ ಕಂಪೆನಿಯ ನೌಕರ. 1955ರಲ್ಲಿ ಇನ್ನೊಂದು ತೈಲ ಕಂಪೆನಿಯ ಗಿಫರ್ಡ್ ಸೈಮಂಡ್ಸ್ ಶುದ್ಧೀಕರಣಾಗಾರದ ಸಮಸ್ಯೆಗಳಿಗೆಂದೇ ಒಂದು ಪುಸ್ತಕ ಬರೆದ. ಮಾಹುಲ್‌ನಲ್ಲಿ ಎರಡನೆಯ ಶುದ್ಧೀಕರಣಾಗಾರ ಆರಂಭವಾದ ವರ್ಷವೂ ಅದೇ. ನಮ್ಮ ಕಿಟಕಿಯಾಚೆಯ ಈ ಉದ್ಯಮವೂ ಆ ಗಣಿತವೂ ಹೆಚ್ಚುಕಡಿಮೆ ಸಮವಯಸ್ಕರು.

ಮಾದರಿಯೆಂಬ ಕನ್ನಡಿ

ಲೆಕ್ಕವನ್ನು ಬಿಡಿಸುವ ಮೊದಲು ಲೆಕ್ಕವನ್ನು ಬರೆಯಬೇಕು. ಇದನ್ನೇ ಎಂಜಿನಿಯರುಗಳು ಮಾದರಿ ಕಟ್ಟುವುದು ಎನ್ನುತ್ತಾರೆ. ಶುದ್ಧೀಕರಣಾಗಾರದ ಮಾದರಿಯಲ್ಲಿ ಮೊದಲ ಸಾಲು ಸರಳ: ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು, ಇಲ್ಲವೆ ಟ್ಯಾಂಕಿನಲ್ಲಿ ಉಳಿದಿರಬೇಕು. ಇಂಥ ತೈಲದ ನೂರು ಪಾಲಿನಲ್ಲಿ ಇಷ್ಟು ನಾಫ್ತಾ, ಇಷ್ಟು ಸೀಮೆಎಣ್ಣೆ, ಇಷ್ಟು ತಳದ ಶೇಷ. ಪ್ರತಿ ಘಟಕಕ್ಕೆ ದಿನಕ್ಕೆ ಇಷ್ಟೇ ಸಾಮರ್ಥ್ಯ. ಪೆಟ್ರೋಲಿನ ಆಕ್ಟೇನ್ ಇದಕ್ಕಿಂತ ಕಡಿಮೆಯಾಗಕೂಡದು, ಡೀಸೆಲಿನ ಗಂಧಕ ಇದಕ್ಕಿಂತ ಹೆಚ್ಚಾಗಕೂಡದು. ಹೀಗೆ ಸಾವಿರಾರು ಸಾಲುಗಳು. ಎಲ್ಲಕ್ಕೂ ಮೇಲೆ ಒಂದು ಸಾಲು, ಗುರಿ: ಲಾಭ ಅತಿ ಹೆಚ್ಚಾಗಲಿ.

ಆದರೆ ಪ್ರಕೃತಿ ಸರಳರೇಖೆಯಲ್ಲಿ ನಡೆಯುವುದಿಲ್ಲ. ಎರಡು ಪೆಟ್ರೋಲುಗಳನ್ನು ಸಮಪಾಲಿನಲ್ಲಿ ಬೆರೆಸಿದರೆ ಆಕ್ಟೇನ್ ಸರಿಯಾಗಿ ನಡುವೆ ಬರಬೇಕೆಂದಿಲ್ಲ. ಎಂಜಿನಿಯರುಗಳು ಇದಕ್ಕೊಂದು ಉಪಾಯ ಹೂಡಿದರು. ಬೆರೆಸಿದಾಗ ನೇರವಾಗಿ ಕೂಡಿಕೊಳ್ಳುವಂಥ ಸೂಚ್ಯಂಕಗಳನ್ನು ಕಟ್ಟಿ, ನಿಜವಾದ ಗುಣದ ಬದಲು ಆ ಸೂಚ್ಯಂಕಗಳನ್ನೇ ಸಮೀಕರಣಗಳಲ್ಲಿ ಕೂರಿಸಿದರು.

ಉಪಾಯಕ್ಕೆ ಬಗ್ಗದ ಒಂದು ತೊಡಕು ಮಾತ್ರ ಉಳಿಯಿತು. ಅದನ್ನು ಹ್ಯಾವರ್ಲಿ ಎಂಬಾತ 1978ರಲ್ಲಿ ಒಂದು ಪುಟ್ಟ ಉದಾಹರಣೆಯಾಗಿ ಮುಂದಿಟ್ಟ. ಪೆನ್ಸಿಲ್ ಹಿಡಿದು ಬಿಡಿಸಬಹುದಾದಷ್ಟು ಚಿಕ್ಕದಾದ್ದರಿಂದ ಇಲ್ಲಿ ಕೊಡುತ್ತೇವೆ. ಮೂರು ತೈಲಗಳು. ಮೊದಲನೆಯದರಲ್ಲಿ ಗಂಧಕ ಶೇ 3, ಬೆಲೆ 6 ಡಾಲರ್. ಎರಡನೆಯದರಲ್ಲಿ ಗಂಧಕ ಶೇ 1, ಬೆಲೆ 16. ಮೂರನೆಯದರಲ್ಲಿ ಗಂಧಕ ಶೇ 2, ಬೆಲೆ 10. ಮಾರುವ ಸರಕು ಎರಡು. ಒಂದರಲ್ಲಿ ಗಂಧಕ ಶೇ 2.5ನ್ನು ಮೀರಬಾರದು, ಬೆಲೆ 9, ಹೆಚ್ಚೆಂದರೆ 100 ಪೀಪಾಯಿ ಖರ್ಚಾಗುತ್ತದೆ. ಇನ್ನೊಂದರಲ್ಲಿ ಶೇ 1.5ನ್ನು ಮೀರಬಾರದು, ಬೆಲೆ 15, ಹೆಚ್ಚೆಂದರೆ 200 ಪೀಪಾಯಿ.

ಮೂರು ತೈಲಗಳಿಗೂ ಬೇರೆ ಬೇರೆ ಟ್ಯಾಂಕುಗಳಿದ್ದರೆ ಲೆಕ್ಕ ಸುಲಭ. ಮೊದಲ ಸರಕಿಗೆ ಒಂದನೆಯ ಮತ್ತು ಮೂರನೆಯ ತೈಲವನ್ನು ಸಮಪಾಲು ಬೆರೆಸಿದರೆ ಪೀಪಾಯಿಗೆ 8 ಡಾಲರ್ ಖರ್ಚು, 1 ಡಾಲರ್ ಲಾಭ, ನೂರಕ್ಕೆ 100. ಎರಡನೆಯದಕ್ಕೆ ಎರಡನೆಯ ಮತ್ತು ಮೂರನೆಯ ತೈಲ ಸಮಪಾಲು, ಪೀಪಾಯಿಗೆ 13 ಖರ್ಚು, 2 ಲಾಭ, ಇನ್ನೂರಕ್ಕೆ 400. ಒಟ್ಟು 500.

ಈಗ ಟ್ಯಾಂಕೊಂದು ಕಡಿಮೆಯಿದೆ ಎನ್ನೋಣ. ಒಂದನೆಯ, ಎರಡನೆಯ ತೈಲಗಳೆರಡೂ ಒಂದೇ ಟ್ಯಾಂಕಿನಲ್ಲಿ ಬೆರೆತುಹೋಗಬೇಕು. ಆ ಟ್ಯಾಂಕಿನ ಗಂಧಕ ಎಷ್ಟೆಂಬುದು ನಾವು ಹಾಕಿದ ಪ್ರಮಾಣದ ಮೇಲೆ ನಿಂತಿದೆ. ಅಲ್ಲಿಂದ ಎಷ್ಟು ತೆಗೆಯಬೇಕೆಂಬುದು ಆ ಗಂಧಕದ ಮೇಲೆ ನಿಂತಿದೆ. ಒಂದು ಅಜ್ಞಾತವನ್ನು ಇನ್ನೊಂದು ಅಜ್ಞಾತದಿಂದ ಗುಣಿಸಬೇಕಾಗಿ ಬಂದು, ರೇಖೆ ಬಾಗುತ್ತದೆ. ಅಗ್ಗದ ತೈಲದಿಂದಲೇ ಟ್ಯಾಂಕನ್ನು ತುಂಬಿ ಲೆಕ್ಕ ಆರಂಭಿಸಿದರೆ 100 ಡಾಲರ್ ಲಾಭದ ಗುಡ್ಡದ ಮೇಲೆ ನಿಲ್ಲುತ್ತೇವೆ. ಅಲ್ಲಿಂದ ಎತ್ತ ಸಣ್ಣ ಹೆಜ್ಜೆ ಇಟ್ಟರೂ ಇಳಿಜಾರೇ. ಆದರೆ ಕಣಿವೆಯಾಚೆ, ಅಗ್ಗದ ತೈಲವನ್ನು ಪೂರ್ತಿ ಕೈಬಿಟ್ಟು ಟ್ಯಾಂಕಿಗೆ ದುಬಾರಿ ತೈಲವನ್ನೇ ತುಂಬಿದರೆ, 400 ಡಾಲರ್ ಲಾಭದ ಬೆಟ್ಟವಿದೆ. ಯಂತ್ರ 'ಇದೇ ಅತ್ಯುತ್ತಮ' ಎಂದಾಗ ಅದು ನಿಂತದ್ದು ಗುಡ್ಡದ ಮೇಲೋ ಬೆಟ್ಟದ ಮೇಲೋ ಎಂದು ಕೇಳುವ ಎಚ್ಚರ ಬೇಕೆಂಬುದನ್ನು ಈ ಪುಟ್ಟ ಲೆಕ್ಕ ಕಲಿಸಿತು. ಇಂದಿಗೂ ಹೊಸ ವಿಧಾನ ಕಂಡುಹಿಡಿದವರು ಮೊದಲು ಅದನ್ನು ಹ್ಯಾವರ್ಲಿಯ ಟ್ಯಾಂಕಿನಲ್ಲಿ ಮುಳುಗಿಸಿ ನೋಡುತ್ತಾರೆ. ಒಂದು ಟ್ಯಾಂಕು ಇಲ್ಲದಿರುವುದರ ನಷ್ಟ ನೂರು ಡಾಲರ್ ಎಂಬುದನ್ನೂ ಓದುಗರು ಗಮನಿಸಿರಬಹುದು. ಉಡುಪಿ ಹೋಟೆಲಿನ ಗ್ರೈಂಡರು ಇಲ್ಲಿ ಟ್ಯಾಂಕಾಗಿದೆ.

ಪವಾಯಿಯಿಂದ ಹೋದವನು

ಈ ನಡುವೆ ಯಂತ್ರಗಳೂ ಬೆಳೆದವು. 1959ರ ಮಾರ್ಚಿನಲ್ಲಿ ಟೆಕ್ಸಸ್ ರಾಜ್ಯದ ಪೋರ್ಟ್ ಆರ್ಥರ್ ಶುದ್ಧೀಕರಣಾಗಾರದ ಒಂದು ಘಟಕದಲ್ಲಿ ಆರ್‌ಡಬ್ಲ್ಯು-300 ಎಂಬ ಕಂಪ್ಯೂಟರು ಉಷ್ಣತೆ, ಒತ್ತಡ, ಹರಿವುಗಳನ್ನು ತಾನೇ ಓದಿ ನಿಯಂತ್ರಣ ನಡೆಸತೊಡಗಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಕಂಪೆನಿಗಳಿಗೆ ಪ್ರತಿ ಪೀಪಾಯಿಯ ಚಿಂತೆ ಹತ್ತಿತು. ಘಟಕದ ಮುಂದಿನ ಕೆಲವು ಗಂಟೆಗಳ ನಡೆಯನ್ನು ಮಾದರಿಯಿಂದ ಮೊದಲೇ ಊಹಿಸಿ ಅದರಂತೆ ಕವಾಟಗಳನ್ನು ತಿರುಗಿಸುವ ವಿಧಾನವನ್ನು ಆ ದಶಕದ ಕೊನೆಗೆ ಫ್ರಾನ್ಸಿನ ರಿಶಾಲೆ ಮತ್ತು ಸಂಗಡಿಗರೂ ಅಮೆರಿಕದ ಕಟ್ಲರ್, ರಾಮೇಕರ್ ಜೋಡಿಯೂ ಪ್ರಕಟಿಸಿದರು. ಬಂದರಿನ ಹಡಗಿನಿಂದ ಕವಾಟದ ತಿರುಪಿನವರೆಗೆ ಒಂದೇ ತರದ ಗಣಿತ ಇಳಿದು ಬಂದಿತು.

ಗಣಿತಜ್ಞರಿಗೆ ಮಾತ್ರ ಒಂದು ಕೊರಗು ಉಳಿದಿತ್ತು. ಡ್ಯಾಂಟ್ಸಿಗ್‌ನ ವಿಧಾನ ಬೇಕೆಂದೇ ಕೆಡಿಸಿ ಕಟ್ಟಿದ ವಜ್ರದಲ್ಲಿ ಎಲ್ಲ ಮೂಲೆಗಳನ್ನೂ ಸುತ್ತಬೇಕಾಗುತ್ತದೆಂದು 1972ರಲ್ಲಿ ಕ್ಲೀ ಮತ್ತು ಮಿಂಟಿ ತೋರಿಸಿದ್ದರು. 1979ರಲ್ಲಿ ಸೋವಿಯತ್ ಗಣಿತಜ್ಞ ಖಚಿಯಾನ್ ಕೊಟ್ಟ ಪರಿಹಾರ ತತ್ತ್ವದಲ್ಲಿ ಚೆನ್ನಾಗಿದ್ದರೂ ಕೆಲಸದಲ್ಲಿ ನಿಧಾನ. 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ನರೇಂದ್ರ ಕರ್ಮರ್ಕರ್ ಅಂಚುಗಳನ್ನು ಬಿಟ್ಟು ವಜ್ರದ ಒಡಲೊಳಗಿಂದಲೇ ಸಾಗುವ ದಾರಿಯನ್ನು ತೋರಿಸಿದ. ಅದು ತತ್ತ್ವದಲ್ಲೂ ಕೆಲಸದಲ್ಲೂ ನಿಂತಿತು. ಕರ್ಮರ್ಕರ್ ನಮ್ಮ ಪವಾಯಿಯ ಐಐಟಿಯಲ್ಲಿ ಓದಿ 1978ರಲ್ಲಿ ಪದವಿ ಪಡೆದವನು. ಅವನ ವಿಧಾನಕ್ಕೆ ಕಂಪೆನಿ 1988ರಲ್ಲಿ ಪೇಟೆಂಟ್ ಪಡೆದಾಗ, ಗಣಿತವನ್ನೂ ಬೇಲಿ ಹಾಕಿ ಕೊಳ್ಳಬಹುದೇ ಎಂಬ ಚರ್ಚೆ ಎದ್ದಿತು. 1939ರ ಕಾಂತೊರೊವಿಚ್‌ಗೆ ಇದು ವಿಚಿತ್ರವಾಗಿ ಕಂಡಿರುತ್ತಿತ್ತು. ಅವನಿಗೆ 1975ರಲ್ಲಿ ಕೂಪ್‌ಮನ್ಸ್ ಜೊತೆಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಡ್ಯಾಂಟ್ಸಿಗ್‌ಗೆ ಬರಲಿಲ್ಲ. ಹಂಚಿಕೆಯ ಶಾಸ್ತ್ರಕ್ಕೆ ಕೊಟ್ಟ ಬಹುಮಾನದ ಹಂಚಿಕೆಯೇ ಇಂದಿಗೂ ವಿವಾದದ ವಸ್ತು.

ಹತ್ತು ಎಂಬ ಅಂಕಿ

ಈಗ ಮತ್ತೆ ನಮ್ಮ ದೇಶಕ್ಕೆ. ನಮ್ಮ ಡೀಸೆಲಿನಲ್ಲಿ ಗಂಧಕದ ಮಿತಿ 2010ರಲ್ಲಿ ಇಡೀ ದೇಶಕ್ಕೆ ಹತ್ತು ಲಕ್ಷ ಭಾಗಕ್ಕೆ 350 ಎಂದಾಯಿತು; 2017ರ ಏಪ್ರಿಲ್‌ಗೆ 50, 2020ರ ಏಪ್ರಿಲ್‌ಗೆ 10. ಶುದ್ಧೀಕರಣಾಗಾರದ ಮಾದರಿಯಲ್ಲಿ ಇದು ಒಂದು ಸಾಲಿನ ಕೊನೆಯ ಒಂದು ಅಂಕಿಯ ಬದಲಾವಣೆ ಮಾತ್ರ. ಆದರೆ ಆ ಅಂಕಿಯನ್ನು ಬದಲಿಸಿ ಮತ್ತೆ ಲೆಕ್ಕ ಬಿಡಿಸಿದರೆ ಎಲ್ಲವೂ ಕದಲುತ್ತದೆ. ಗಂಧಕ ಹೆಚ್ಚಿರುವ ಅಗ್ಗದ ತೈಲ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ. ಗಂಧಕ ತೆಗೆಯಲು ಜಲಜನಕ ಬೇಕು. ಆದ್ದರಿಂದ ಜಲಜನಕದ ನೆರಳು ಬೆಲೆ ಏರುತ್ತದೆ. ಹೊಸ ಘಟಕ ಕಟ್ಟಬೇಕೇ, ಹಳೆಯದನ್ನೇ ಹಿಗ್ಗಿಸಬೇಕೇ, ಬೇರೆ ತೈಲ ಕೊಳ್ಳಬೇಕೇ ಎಂಬುದಕ್ಕೆ ಆ ಬೆಲೆಯೇ ದಾರಿ ತೋರುತ್ತದೆ. ಈ ಲೆಕ್ಕಗಳಿಲ್ಲದೆ ಅಂಥ ಬದಲಾವಣೆಯನ್ನು ಒಂದು ದೇಶ ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸುವುದು ಕಷ್ಟ.

ಆದರೆ 350ನ್ನು 50, 50ನ್ನು 10 ಮಾಡೆಂದು ಯಾವ ಮಾದರಿಯೂ ಕೇಳಲಿಲ್ಲ. ಗುರಿಯ ಸಾಲಿನಲ್ಲಿ ಲಾಭ ಮಾತ್ರ ಇದ್ದಾಗ, ಗಂಧಕದ ಮಿತಿಯನ್ನು ಸಡಿಲಿಸಿದಷ್ಟೂ ಒಳ್ಳೆಯದೆಂದೇ ಗಣಿತ ಹೇಳುತ್ತದೆ. ಅದಕ್ಕೆ ಹಾಗೆ ಹೇಳಲು ಮಾತ್ರ ಬರುತ್ತದೆ. ರಸ್ತೆಬದಿಯಲ್ಲಿ ನಡೆಯುವವರ ಪುಪ್ಪುಸ ಅದರ ಯಾವ ಸಾಲಿನಲ್ಲೂ ಇಲ್ಲ. ಅದನ್ನು ಹೊರಗಿನಿಂದ ತಂದು ಬರೆಯಬೇಕಾಯಿತು. ಮಥುರೆಯ ಶುದ್ಧೀಕರಣಾಗಾರ 1982ರಲ್ಲಿ ಆರಂಭವಾಯಿತು. ತಾಜಮಹಲಿನ ಸುತ್ತಲಿನ ಗಾಳಿಗಾಗಿ ವಕೀಲ ಎಂ. ಸಿ. ಮೆಹ್ತಾ 1984ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ತೀರ್ಪು ಬಂದದ್ದು 1996ರ ಡಿಸೆಂಬರ್ 30ರಂದು. ದೆಹಲಿಯ ವಾಹನಗಳ ಹೊಗೆಯ ಬಗ್ಗೆ ಅವರು 1985ರಲ್ಲಿ ಹೂಡಿದ ಇನ್ನೊಂದು ಮೊಕದ್ದಮೆಯಲ್ಲಿ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂಬ ಆದೇಶ 1998ರ ಜುಲೈಯಲ್ಲಿ ಹೊರಟಿತು. ಆ ದಿನಗಳಲ್ಲಿ ಬಸ್ಸಿಗಾಗಿ ಕಾದು ನಿಂತದ್ದನ್ನು ದೆಹಲಿಯ ನಮ್ಮ ಓದುಗರು ಮರೆತಿರಲಾರರು. ನ್ಯಾಯಾಲಯಗಳು, ಸಮಿತಿಗಳು, ಪತ್ರಿಕೆಗಳು, ಕೆಮ್ಮುವ ಮಕ್ಕಳ ತಂದೆತಾಯಿಗಳು ಸೇರಿ ದಶಕಗಳ ಕಾಲ ಒತ್ತಿದ ಮೇಲೆ ಮಾದರಿಯ ಮೂಲೆಯಲ್ಲೊಂದು ಅಂಕಿ ಬದಲಾಯಿತು. ಆಮೇಲೆ ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಪಾಲಿಸುವ ದಾರಿಯನ್ನು ಗಣಿತ ಹುಡುಕಿಕೊಟ್ಟಿತು. ಎರಡು ಕೆಲಸಗಳನ್ನೂ ಒಂದೇ ಎಂದು ತಿಳಿದರೆ ತಪ್ಪಾದೀತು.

ಕಾಂತೊರೊವಿಚ್‌ನ ಕಾಲದ ಅಧಿಕಾರಿಗಳು ನೆರಳು ಬೆಲೆಯನ್ನು ಕಾಣಲು ಒಪ್ಪಲಿಲ್ಲ. ಕೊರತೆಗೆ ಬೆಲೆಯಿದೆಯೆಂಬ ಮಾತೇ ಅವರಿಗೆ ಅಪಥ್ಯವಾಗಿತ್ತು. ನಮ್ಮ ಕಾಲದ ಅಪಾಯ ಅದರ ತಿರುವುಮುರುವು. ಬೆಲೆಯಿಲ್ಲದ್ದು ಇಲ್ಲವೇ ಇಲ್ಲ ಎಂದು ನಂಬುವುದು. ನೆರಳು ಬೆಲೆ ಸೊನ್ನೆ ಎಂದು ಮಾದರಿ ಹೇಳಿದರೆ ಅದಕ್ಕೆ ಎರಡು ಕಾರಣಗಳಿರಬಹುದು: ಆ ವಸ್ತು ನಿಜವಾಗಿಯೂ ಧಾರಾಳವಾಗಿದೆ, ಇಲ್ಲವೆ ಆ ಮಿತಿಯನ್ನು ಬರೆಯಲು ಯಾರೋ ಮರೆತಿದ್ದಾರೆ. ಉತ್ತರಪತ್ರದಲ್ಲಿ ಎರಡೂ ಒಂದೇ ಸೊನ್ನೆಯಾಗಿ ಕಾಣುತ್ತವೆ. ಬೇರ್ಪಡಿಸಿ ಓದುವುದು ಮನುಷ್ಯರ ಕೆಲಸ.

ನಮ್ಮ ಬಳಗದಲ್ಲಿಯೂ ಪರಿಚಿತರಲ್ಲಿಯೂ ಮಾಹುಲ್, ಮಣಲಿ, ಮಂಗಳೂರುಗಳ ಇಂಥ ಘಟಕಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಕಾಗದದ ಮೇಲೆ ಮಿಶ್ರಣದ ಲೆಕ್ಕ ಹಾಕಿದವರೂ, ರಂಧ್ರಪತ್ರಗಳ ಕಟ್ಟನ್ನು ಹಿಡಿದು ಕಂಪ್ಯೂಟರ್ ಕೋಣೆಯ ಮುಂದೆ ಸರದಿ ನಿಂತವರೂ, ಯಂತ್ರ ಕೊಟ್ಟ ಉತ್ತರವನ್ನು ನೋಡಿ 'ಇದು ನಡೆಯದು' ಎಂದು ಅನುಭವದಿಂದಲೇ ಹೇಳಿದವರೂ ಅವರಲ್ಲಿರಬೇಕು. ಆ ಅನುಭವ ಕನ್ನಡದಲ್ಲಿ ಬರಹವಾಗಿ ನಮ್ಮ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಲೆನಿನ್‌ಗ್ರಾಡಿನ ಎಂಟು ಯಂತ್ರಗಳ ಕಥೆಯನ್ನು ನಾವು ಪುಸ್ತಕಗಳಿಂದ ಓದಿ ಹೇಳಿದೆವು. ಮಾಹುಲ್‌ನ ಟ್ಯಾಂಕುಗಳ ಕಥೆಯನ್ನು ಅಲ್ಲಿ ನಿಂತು ನೋಡಿದವರೇ ಹೇಳಬೇಕು. ಅವರು ಬರೆಯಲಿ, ಬರೆಯಲು ಕೈ ಸಾಗದಿದ್ದರೆ ಹೇಳಲಿ, ಕುಳಿತು ಬರೆದುಕೊಳ್ಳಲು ನಾವು ಸಿದ್ಧರಿದ್ದೇವೆ.